ಮೈಕ್ ಮುಂದೆ ನಿಂತದ್ದು, "ಆಗಲ್ಲ ಸರ್" ಅಂದದ್ದು

ಹುಳ ನಾಲ್ಕನೇ ಜ್ವರಕ್ಕೆ ಕೂತಿದೆ. ಇವತ್ತು ಸೊಪ್ಪು ಹಾಕೋ ಕೆಲಸ ಇಲ್ಲ, ಅದಕ್ಕೇ ಬೆಂಗಳೂರಿನಲ್ಲಿ ನಡೆದದ್ದನ್ನ ಬರೆದುಬಿಡ್ತೀನಿ.

ನಮ್ಮದು ಎರಡೂವರೆ ಎಕರೆ. ಒಂದು ಎಕರೆ ಹಿಪ್ಪುನೇರಳೆ, ಉಳಿದದ್ದು ರಾಗಿ, ಅವರೆ. ಎರಡು ವರ್ಷದಿಂದ ಬೆಂಗಳೂರಿನವರು ತೋಟ ನೋಡೋಕೆ ಬರ್ತಿದ್ದಾರೆ, ಮುದ್ದೆ ಬಸ್ಸಾರು ಊಟ ಹಾಕಿ ಕಳಿಸ್ತೀವಿ. ಲೇಔಟಿನವರು ಎರಡು ಸಲ ಬಂದು ಜಮೀನು ಕೇಳಿದ್ದಾರೆ, ಮಗನೂ ಕೊಟ್ಟುಬಿಡೋಣ ಅಂತಾನೆ. ಜಮೀನು ಉಳೀಬೇಕು ಅಂದ್ರೆ ಗೂಡಿನ ದುಡ್ಡಿನ ಜೊತೆಗೆ ಇನ್ನೊಂದು ದುಡ್ಡು ಬೇಕು. ಆ ಆಸೆಗೆ ಪ್ರವಾಸೋದ್ಯಮದವರ ಸಭೆಗಳಿಗೆ ಹೋಗೋಕೆ ಶುರು ಮಾಡಿದೆ.

ಸಭೆ ಇದ್ದಾಗ ಜೀವನ್ ಬಿಮಾ ನಗರದ ಅಕ್ಕನ ಮನೆಯಲ್ಲಿ ಉಳ್ಕೊಳ್ತೀನಿ. ಹೊಸಕೋಟೆಯಿಂದ ಬಸ್ಸಲ್ಲಿ ಕೆ.ಆರ್.ಪುರ, ಅಲ್ಲಿಂದ ಮೆಟ್ರೋದಲ್ಲಿ ಇಂದಿರಾನಗರ, ಆಮೇಲೆ ಆಟೋ. ಎಲ್‌ಐಸಿ ಕಾಲೋನಿಯಿಂದ ಆ ಏರಿಯಾಗೆ ಆ ಹೆಸರು ಬಂತು. ಸುತ್ತಲಿನ ತಿಪ್ಪಸಂದ್ರ, ಕೋಡಿಹಳ್ಳಿ ಎಲ್ಲಾ ಹಿಂದೆ ನಮ್ಮಂಥ ಊರುಗಳೇ. ಹೆಸರು ಉಳಿದಿದೆ, ಹೊಲ ಇಲ್ಲ. ಆಟೋದಲ್ಲಿ ಹೋಗುವಾಗೆಲ್ಲ ನಮ್ಮ ಹೋಬಳಿ ನೆನಪಾಗುತ್ತೆ.

ಹೋದ ವರ್ಷದ ಮೊದಲ ಸಭೆ ಹೇಳ್ಬಾರದು. ಅಕ್ಕನ ಮಗ ಅರ್ಧ ಇಂಗ್ಲಿಷ್ ಸೇರಿಸಿ ಒಂದು ಹಾಳೆ ಬರ್ಕೊಟ್ಟಿದ್ದ. ಎಸ್ಸೆಸ್ಸೆಲ್ಸಿ ಮುಗಿಸಿ 38 ವರ್ಷ ಆಗಿರೋನು ನಾನು. ಸೂಟು ಹಾಕಿದವರ ಮುಂದೆ ನಿಂತಾಗ ಹಾಳೆ ಗಡಗಡ ಅಂತು, ಆ ಸದ್ದು ಮೈಕಲ್ಲೂ ಕೇಳಿಸ್ತು. ಮೂರು ನಿಮಿಷ ಕೊಟ್ಟಿದ್ರು, ಒಂದು ನಿಮಿಷಕ್ಕೇ "ಧನ್ಯವಾದ" ಅಂತ ಇಳಿದುಬಿಟ್ಟೆ.

ಅದಕ್ಕಿಂತ ದೊಡ್ಡ ತಪ್ಪು ಟೀ ಕುಡಿಯುವಾಗ ಆಯ್ತು. ಟೂರ್ ಕರ್ಕೊಂಡು ಹೋಗೋರು ಒಬ್ಬರು, "ಭಾನುವಾರ 40 ಮಕ್ಕಳನ್ನ ತರ್ಲಾ?" ಅಂದ್ರು. ನಾಚಿಕೆಗೆ "ಆಯ್ತು ಸರ್" ಅಂದುಬಿಟ್ಟೆ. ಬಂದ್ರು. ಚಪ್ಪಲಿ ಕಾಲಲ್ಲೇ ಹುಳಮನೆ ಒಳಗೆ ನುಗ್ಗಿದ್ರು, ಮೈಗೆ ಸೆಂಟು, ಸೊಳ್ಳೆ ಕ್ರೀಮು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ನಂಜು, ವಾಸನೆ ಹುಳಕ್ಕೆ ಎಷ್ಟು ಕೆಟ್ಟದ್ದು ಅಂತ ನಿಮಗೆ ಹೇಳಬೇಕಾ? 100 ಮೊಟ್ಟೆಗೆ 70 ಕೆಜಿ ಬರೋ ಕಡೆ 28 ಬಂತು. ಬಂದವರು ಕೊಟ್ಟ ದುಡ್ಡು ಸೊಪ್ಪು ಕೊಯ್ದ ಕೂಲಿಗೂ ಆಗ್ಲಿಲ್ಲ.

ಎರಡನೇ ಸಭೆಗೆ ಹೋಗಲ್ಲ ಅಂತ ಕೂತಿದ್ದೆ. ಅಕ್ಕ ಫೋನಲ್ಲಿ ಬೈದಳು: "ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ರೀಲರ್‌ಗಳಿಗೆ ಜವಾಬು ಕೊಡ್ತೀಯ, ಡೈರಿ ಮೀಟಿಂಗಲ್ಲಿ ಎದ್ದು ನಿಂತು ಲೆಕ್ಕ ಕೇಳ್ತೀಯ. ಇಲ್ಲಿ ಬಂದ್ರೆ ಮಾತ್ರ ಬಾಯಿ ಬಿದ್ದೋಗುತ್ತೇನೋ?"

ಅದು ನಾಟ್ತು. ಡೈರಿಯಲ್ಲಿ ನಾನು ಹಾಳೆ ನೋಡ್ಕೊಂಡು ಮಾತಾಡಲ್ಲ. ಗೊತ್ತಿರೋದನ್ನ ಮಾತಾಡ್ತೀನಿ, ನಮ್ಮ ಭಾಷೆಯಲ್ಲೇ ಮಾತಾಡ್ತೀನಿ. ಈ ಸಲ ಹಾಳೆ ಬಿಟ್ಟೆ. ಹಿಂದಿನ ರಾತ್ರಿ ಅಕ್ಕನ ಮನೆ ಟೆರೇಸಲ್ಲಿ ಬಾಡಿಗೆ ಮನೆ ಮಕ್ಕಳನ್ನ ಕೂರಿಸ್ಕೊಂಡು, ಫೋನಲ್ಲಿ ಮೂರು ನಿಮಿಷ ಇಟ್ಟು, ಆರು ಸಲ ಹೇಳಿದೆ. ಮಕ್ಕಳು ಆಕಳಿಸಿದ ಜಾಗ ಎಲ್ಲಾ ತೆಗೆದೆ.

ಸಭೆಗೆ ಚೀಲದಲ್ಲಿ ಗೂಡು ತಗೊಂಡು ಹೋದೆ. ಒಂದನ್ನ ಕೈಯಲ್ಲಿ ಎತ್ತಿ ಹಿಡಿದು ಶುರು ಮಾಡಿದೆ: "ಇದರಲ್ಲಿರೋದು ಒಂದೇ ಎಳೆ. ಬಿಚ್ಚಿದ್ರೆ ಹೆಚ್ಚುಕಮ್ಮಿ 1000 ಮೀಟರ್." ಹುಳಕ್ಕೆ ನಾಲ್ಕು ಸಲ ಜ್ವರ ಬರೋದು, ಜ್ವರ ಬಂದಾಗ ತಲೆ ಎತ್ಕೊಂಡು ಸುಮ್ಮನೆ ಇರೋದು, ನಾಲ್ಕನೇ ಜ್ವರ ಎದ್ದಮೇಲೆ ಸೊಪ್ಪು ತಿನ್ನೋ ಸದ್ದು ರಾತ್ರಿ ಮಳೆ ಬಂದ ಹಾಗೆ ಕೇಳೋದು, ಅಷ್ಟೇ ಹೇಳಿದೆ. ಬಾರಾಮತಿ ಕಡೆ ರೈತರು ಸುಮಾರು 2005ರಿಂದಲೇ ಹೊಲಕ್ಕೆ ಜನ ಕರೀತಿದ್ದಾರೆ, ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಅದಕ್ಕೊಂದು ನೀತಿನೇ ತಂದಿದೆ, ನಾವೂ ಮಾಡಬಹುದು ಅಂದೆ. ಮೊಣಕಾಲು ಆಗಲೂ ನಡುಗ್ತಿತ್ತು. ಆದ್ರೆ ಕೈಗೆ ಹಿಡಿಯೋಕೆ ಗೂಡು ಇತ್ತಲ್ಲ, ಮಾತು ನಿಲ್ಲಲಿಲ್ಲ.

ಆಮೇಲೆ ನಾನು ಯಾರ ಹಿಂದೆಯೂ ಹೋಗಬೇಕಾಗ್ಲಿಲ್ಲ. ಗೂಡು ಮುಟ್ಟಿ ನೋಡೋಕೆ ಅವರೇ ಬಂದ್ರು. 11 ಕಾರ್ಡು ಸಿಕ್ಕಿದ್ವು. ಯಾರು ಏನು ಕೇಳಿದ್ರು ಅಂತ ಅಲ್ಲೇ ಕಾರ್ಡಿನ ಹಿಂದೆ ಬರ್ಕೊಂಡೆ. ಊರಿಗೆ ಬಂದು ಮೂರನೇ ದಿನ ಎಲ್ಲರಿಗೂ ಫೋನ್ ಮಾಡಿದೆ. ನಾಲ್ಕು ಜನ ಮಾತಾಡಿದ್ರು, ಇಬ್ಬರು ಬಂದು ಹೋಗಿದ್ದಾರೆ.

ಮುಖ್ಯವಾದದ್ದು ಇದು. ಅಲ್ಲೂ ಒಬ್ಬರು 40 ಜನ ಅಂದ್ರು. "ಆಗಲ್ಲ ಸರ್. ಒಂದು ಸಲಕ್ಕೆ 12 ಜನ. ಹುಳಮನೆ ಕಿಟಕಿಯಿಂದ ನೋಡ್ಬೇಕು. ಸೊಪ್ಪು ಕೊಯ್ಯೋದು, ಚಂದ್ರಂಕಿಯಿಂದ ಗೂಡು ಬಿಡಿಸೋದು ಅವರ ಕೈಲೇ ಮಾಡಿಸ್ತೀನಿ" ಅಂದೆ. ಅವರು ಎದ್ದು ಹೋದ್ರು. ಹೊಟ್ಟೆ ಚುರ್ ಅಂತು. ಪಕ್ಕದಲ್ಲಿ ಕೇಳಿಸ್ಕೊಂಡ ಒಬ್ಬರು ಮೇಡಂ, "ಆ ಮಳೆ ಸದ್ದು ನಮಗೆ ಕೇಳಿಸ್ತೀರಾ? ಹತ್ತು ಜನ ಇದ್ದೀವಿ" ಅಂದ್ರು. ಬಂದ ಆ ಇಬ್ಬರಲ್ಲಿ ಒಬ್ಬರು ಅವರೇ.

ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಆದ್ರೆ ಆ ಹತ್ತು ಜನಕ್ಕೆ ತೋಟ ತೋರಿಸಿದ್ದು ಅವನೇ.

ಮುಂದಿನ ಸಭೆಗೆ ನಮ್ಮ ಸುತ್ತಮುತ್ತಲಿನವರು ಯಾರಾದ್ರೂ ಬರೋದಾದ್ರೆ ಹೇಳಿ, ಜೊತೆಗೇ ಹೋಗೋಣ. ಇಂಗ್ಲಿಷ್ ಬೇಡ, ಸೂಟು ಬೇಡ. ನೀವು ಬೆಳೆದದ್ದು ಒಂದು ಹಿಡಿ ಚೀಲದಲ್ಲಿರಲಿ. ಹುಳ ಏಳೋ ಹೊತ್ತಾಯ್ತು, ಸೊಪ್ಪಿಗೆ ಹೊರಡ್ತೀನಿ.