ಹಂಚಿನ ಮುಖ

ನಮ್ಮಜ್ಜಿಗೆ ಅಕ್ಷರ ಬರುವುದಿಲ್ಲ. ಕೊಪ್ಪದ ಕಡೆಯ ಕಾಫಿ ತೋಟವೊಂದರ ಹಾಜರಿ ಪುಸ್ತಕದಲ್ಲಿ ಆಕೆ ಬರೀ 'ಹೆಣ್ಣಾಳು ೧'. ಮಳೆಗಾಲದ ರಾತ್ರಿ ಲೈನುಮನೆಯ ಒಲೆ ಮುಂದೆ ಕಂಬಳಿ ಒಣಗಿಸುತ್ತಾ ಕತೆ ಹೇಳುತ್ತಿದ್ದಳು. ಚಿನ್ನದ ಕೂದಲಿನ ಹುಡುಗಿ. ಒಡಹುಟ್ಟಿದ ಅಣ್ಣನೇ ಆಸೆಗಣ್ಣಿಂದ ನೋಡ್ತಾನೆ. ತಾಯಿ ಮಣ್ಣಿನ ಮುಖವಾಡ ಮಾಡಿ ಹಾಕಿ, 'ಹೋಗು ಮಗಾ, ಎಲ್ಲಾದ್ರೂ ಬದುಕ್ಕೋ' ಅಂತ ಕಳಿಸ್ತಾಳೆ. ಹುಡುಗಿ ಸಾವುಕಾರನ ಮನೇಲಿ ಕಸ ಮುಸುರೆಗೆ ಸೇರ್ತಾಳೆ. ಹಂಚಿನ ಮುಖದವಳು, ಅದಕ್ಕೇ ಹಂಚಿ.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಜ್ಜಿಯ ಮಾತು ಬಾಯಿಗೆ ಬಂದರೆ ನಗುತ್ತಾರೆಂದು ಪುಸ್ತಕದ ಕನ್ನಡ ಕಲಿತೆ. ನನಗೂ ಒಂದು ಹಂಚು.

ಅಲ್ಲಿ ಇಟಲಿಯ ಕತೆಗಳು ಇಂಗ್ಲಿಷಿನಲ್ಲಿ ಸಿಕ್ಕವು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನೇಪಲ್ಸಿನ ಬಸೀಲೆಯ ಕತೆಗಳು ಅಚ್ಚಾದದ್ದು ೧೬೩೪-೩೬ರಲ್ಲಿ, ಅವನು ಸತ್ತ ಮೇಲೆ. ಅದರಲ್ಲೊಬ್ಬ ರಾಜ ಹೆತ್ತ ಮಗಳನ್ನೇ ಮದುವೆಯಾಗಲು ಹೊರಡುತ್ತಾನೆ. ಮುದುಕಿಯೊಬ್ಬಳು ಕೊಟ್ಟ ಕಡ್ಡಿ ಬಾಯಲ್ಲಿಟ್ಟು ಹುಡುಗಿ ಕರಡಿಯಾಗಿ ಕಾಡು ಸೇರುತ್ತಾಳೆ. ಮೈ ಜುಂ ಅಂತು. ಅರೆ, ಇವಳು ನಮ್ಮ ಹಂಚಿಯ ಅಕ್ಕ! ಎ.ಕೆ. ರಾಮಾನುಜನ್ ಹಂಚಿಯನ್ನು ಕನ್ನಡದ ಸಿಂಡರೆಲಾ ಎಂದು ಕರೆದದ್ದು ಆಮೇಲೆ ತಿಳಿಯಿತು.

ಬಸೀಲೆ ಕತೆ ಹೇಳಿಸಿದ್ದು ಹತ್ತು ಮುದುಕಿಯರಿಂದ. ಕುಂಟಿ, ಗೂನಿ, ಗಂಟಲಲ್ಲಿ ಗಡ್ಡೆ ಇರೋಳು. ಓದುವವರು ನಗಲಿ ಅಂತ. ಆದರೆ ಸಿಸಿಲಿಯ ಪಾಲೆರ್ಮೊದ ವೈದ್ಯ ಪಿತ್ರೆ ೧೮೭೫ರಲ್ಲಿ ೩೦೦ ಕತೆಗಳನ್ನು ಜನರ ಆಡುಮಾತಲ್ಲೇ ಅಚ್ಚು ಹಾಕಿಸಿದ. ಹೇಳಿದವಳ ಹೆಸರೂ ಬರೆದ: ಅಗತೂತ್ಸಾ ಮೆಸ್ಸೀಯಾ, ಕೌದಿ ಹೊಲಿಯುವ, ಓದು ಬಾರದ ಮುದುಕಿ.

ರಜೆಯಲ್ಲಿ ನೋಟ್‌ಬುಕ್ಕು ಹಿಡಿದು ಅಜ್ಜಿಯ ಮುಂದೆ ಕೂತೆ.

'ಎಂತಕ್ಕೋ? ಇದೆಲ್ಲ ಕೂಲಿಯೋರ ಕತೆ. ನೀ ಓದಿದೋನು.'

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳಿಗೆ ಹಾಗನ್ನಲು ಕಲಿಸಿದ್ದು ಹಾಜರಿ ಪುಸ್ತಕ ಒಂದೇ ಅಲ್ಲ, ಅವಳ ಮಾತಿಗೆ ನಾಚಿದ ನಾನೂ.

ಕೊನೆಗೆ ಹೇಳಿದಳು. ಬರೆದದ್ದನ್ನು ಓದಿದೆ. ತಲೆ ಅಲ್ಲಾಡಿಸಿದಳು. 'ನಾ ಹಿಂಗೆ ಹೇಳ್ನಿಲ್ಲ.' ನಿಜ. ಅವಳ 'ಹೋದ್ಲು' ನನ್ನ ಕೈಯಲ್ಲಿ 'ಪ್ರಯಾಣ ಬೆಳೆಸಿದಳು' ಆಗಿತ್ತು. ಹೊಡೆದುಹಾಕಿ ಅವಳು ಆಡಿದ ಹಾಗೇ ಮತ್ತೆ ಬರೆದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ತೋಟಗಳಲ್ಲಿ ಇಂಥ ಅಜ್ಜಿಯರು ಇನ್ನೂ ಇದ್ದಾರೆ. ಗೆಳೆಯರೇ, ಹೋಗಿ ಕೂತು ಕೇಳಿ. ತಿದ್ದಬೇಡಿ.

ಅಜ್ಜಿಯ ಹೆಸರು ನನ್ನ ನೋಟ್‌ಬುಕ್ಕಿನ ಮೊದಲ ಸಾಲಲ್ಲಿದೆ. ಇಲ್ಲಿ ಹಾಕಿಲ್ಲ. 'ಬ್ಯಾಡ ಮಗಾ, ತೋಟದೋರು ಓದಿದ್ರೆ ಲೈನು ಬಿಡಿಸ್ತಾರೆ' ಅಂದಳು. ಪಾಲೆರ್ಮೊದ ಮುದುಕಿಗೆ ೧೮೭೫ರಲ್ಲಿ ಸಿಕ್ಕಿದ್ದು ನಮ್ಮಜ್ಜಿಗೆ ಇನ್ನೂ ಸಿಕ್ಕಿಲ್ಲ.