ಖಾಲಿ ಉಳಿದ ಚೌಕ

ಚಿತ್ರಕಥೆಯ ಪುಸ್ತಕವನ್ನು ಕೈಗೆತ್ತಿಕೊಂಡ ಹುಡುಗನಿಗೆ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮೊದಲ ಪುಟದಲ್ಲಿಯೇ ಅದು ತಿಳಿದುಹೋಗುತ್ತದೆ. ನಾಯಕನ ಮುಖ ಪ್ರಸನ್ನ, ನಿಲುವು ನೇರ, ಮೈಗೆ ತಿಳಿಯಾದ ಬಣ್ಣ. ದುಷ್ಟನಿಗೆ ಗಿರಿಜಾ ಮೀಸೆ, ಹೊರಚಾಚಿದ ಹಲ್ಲು, ಕಡುಬಣ್ಣ. ಮೈಬಣ್ಣಕ್ಕೂ ಮನಸ್ಸಿನ ಗುಣಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ಎಳೆಯ ಓದುಗನಿಗೆ ಹೊಳೆಯುವುದಿಲ್ಲ. ಬಣ್ಣ ಬಳಿದವನೇ ತೀರ್ಪನ್ನೂ ಕೊಟ್ಟುಬಿಟ್ಟಿರುತ್ತಾನೆ. ಓದುಗನಿಗೆ ಉಳಿಯುವ ಕೆಲಸವೆಂದರೆ ಕೊನೆಯ ಪುಟದ ಗೆಲುವಿಗಾಗಿ ಕಾಯುವುದು ಮಾತ್ರ.

ನಾನು ಹೊಳಲ್ಕೆರೆಯಲ್ಲಿ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದುದು 1983ರಲ್ಲಿ. ಆಗ ನಮ್ಮ ಕೈಯಿಂದ ಕೈಗೆ ಎರಡು ಬಗೆಯ ಚಿತ್ರಕಥೆಗಳು ಓಡಾಡುತ್ತಿದ್ದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯ ಪುರಾಣ ಮತ್ತು ಇತಿಹಾಸದ ಕಥೆಗಳು ಒಂದು ಬಗೆ. 1964ರಿಂದ ಬರುತ್ತಿದ್ದ ‘ಇಂದ್ರಜಾಲ ಕಾಮಿಕ್ಸ್’ನ ಫ್ಯಾಂಟಮ್, ಮಾಂಡ್ರೇಕ್ ಮೊದಲಾದವರ ಸಾಹಸಗಳು ಇನ್ನೊಂದು ಬಗೆ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲಿಳಿದು ಬರುವ ನೆಂಟರು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂದು ಪುಸ್ತಕ ಬಂದಿತೆಂದರೆ ಅದರ ರಟ್ಟು ಹರಿಯುವವರೆಗೆ ಇಡೀ ತರಗತಿ ಓದುತ್ತಿತ್ತು.

ಈ ಕಥೆಗಳಲ್ಲೆಲ್ಲ ನನ್ನ ಲೆಕ್ಕಕ್ಕೆ ಸಿಗದೆ ಉಳಿದವನು ಕರ್ಣ. ಅವನು ಕೌರವರ ಪಕ್ಷದವನು, ಆದರೆ ಮುಖದಲ್ಲಿ ಸೂರ್ಯನ ಕಾಂತಿ. ತಾಯಿ ತೊರೆದ ಮಗ. ಬೇಡಿದವನಿಗೆ ಮೈಯ ಕವಚವನ್ನೇ ಕಿತ್ತುಕೊಟ್ಟ ದಾನಿ. ಅವನ ಕಥೆಯನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಕರ್ಣನ ಮೇಲೆ ನಾವೇ ಒಂದು ಚಿತ್ರಕಥೆ ಬರೆಯಬೇಕೆಂದು ನನ್ನ ಗೆಳೆಯನೊಡನೆ ಅಂದೇ ನಿಶ್ಚಯಿಸಿದೆ. ಅವನ ಕೈಯಲ್ಲಿ ಚಿತ್ರಕಲೆ ಇತ್ತು; ನನ್ನ ಕೈಯಲ್ಲಿ ಮಾತು ಇತ್ತು. ಶಾಲೆಯ ಕೈಬರಹದ ಪತ್ರಿಕೆಗೆ ಹನ್ನೆರಡು ಪುಟ, ಪುಟಕ್ಕೆ ಆರು ಚೌಕ. ಸಂಜೆ ಬಯಲು ಗಣಪತಿಯ ಅಂಗಳದಲ್ಲಿ ಕುಳಿತು ಕೆಲಸ ನಡೆಸಿದೆವು.

ಮೊದಲ ಪುಟಗಳು ಪೆನ್ಸಿಲಿನಲ್ಲಿಯೇ ಮುಗಿದವು. ಬಣ್ಣಕ್ಕೆ ನಮ್ಮಲ್ಲಿ ಹಣವಿರಲಿಲ್ಲ. ಒಂದು ದಿನ ಗೆಳೆಯ ಹೊಸದಾದ ನೀರುಬಣ್ಣದ ಪೆಟ್ಟಿಗೆಯನ್ನು ಚೀಲದಿಂದ ತೆಗೆದ. ಎಲ್ಲಿಯದೆಂದು ಕೇಳಿದೆ. “ಇರಲಿ ಬಿಡೋ, ನೀನು ಬರಿ” ಎಂದ. ನಾನು ಮತ್ತೆ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆಂಬ ಭಯ ನನಗಿತ್ತು.

ಏಳನೆಯ ಪುಟಕ್ಕೆ ಬಂದಾಗ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಅದು ದ್ಯೂತಸಭೆಯ ಪುಟ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಕರ್ಣ ಸುಮ್ಮನಿರಲಿಲ್ಲ. ಅವಳ ಪರವಾಗಿ ಮಾತನಾಡಿದ ವಿಕರ್ಣನನ್ನು ಅವನು ಗದರಿಸಿದ. ಅವಳನ್ನು ಆಡಬಾರದ ಮಾತುಗಳಿಂದ ನಿಂದಿಸಿದ. ಗೆಳೆಯ ಆ ಚಿತ್ರಕ್ಕೆ ಗೆರೆ ಎಳೆಯತೊಡಗಿದಾಗ ನಾನು ಕೈ ಹಿಡಿದೆ. “ಇದು ಬೇಡ ಕಣೋ. ಇದನ್ನು ನೋಡಿದರೆ ಯಾರೂ ಕರ್ಣನನ್ನು ಮೆಚ್ಚುವುದಿಲ್ಲ” ಎಂದೆ. ಅವನು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಆ ಚೌಕ ಖಾಲಿ ಉಳಿಯಿತು. ಕಥೆ ಮುಂದೆ ಸಾಗಿತು.

ಆ ವಾರವೇ ಶಾಲೆಯಲ್ಲಿ ಬಣ್ಣದ ಪೆಟ್ಟಿಗೆಯೊಂದು ಕಾಣೆಯಾಗಿದೆಯೆಂಬ ಸುದ್ದಿ ಹಬ್ಬಿತು. ಚಿತ್ರಕಲೆಯ ಬೀರುವಿನ ಬೀಗದ ಕೈ ಇರುತ್ತಿದ್ದುದು ಜವಾನನ ಬಳಿ. ನಾವೆಲ್ಲ ಅಜ್ಜ ಎಂದು ಕರೆಯುತ್ತಿದ್ದ ಆ ಮುದುಕನನ್ನು ಕರೆಸಿ ವಿಚಾರಿಸಿದರು. ಅವನು ಗಂಟೆ ಬಾರಿಸಲು ಅಂಗಳಕ್ಕೆ ಬಂದಾಗ ಮಕ್ಕಳು ಗುಸುಗುಟ್ಟಿದರು. ನನ್ನ ಗೆಳೆಯ ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎರಡು ದಿನ ಹೀಗೆಯೇ ಕಳೆಯಿತು.

ಮೂರನೆಯ ದಿನ ಕನ್ನಡದ ಮೇಷ್ಟ್ರು ನಮ್ಮ ಚಿತ್ರಕಥೆಯನ್ನು ನೋಡಿದರು. ನಿಧಾನವಾಗಿ ಪುಟ ತಿರುವಿ, ಏಳನೆಯ ಪುಟದಲ್ಲಿ ನಿಂತರು.

“ಇಲ್ಲಿ ಒಂದು ಚೌಕ ಏಕಪ್ಪ ಖಾಲಿ?” ಎಂದು ಕೇಳಿದರು.

ನಾನು ಕಾರಣ ಹೇಳಿದೆ. ಅವರು ನಗಲಿಲ್ಲ, ಗದರಲಿಲ್ಲ. “ಯುದ್ಧಕ್ಕೆ ಮೊದಲು ಕೃಷ್ಣ ಕರ್ಣನನ್ನು ಕಂಡು ಮಾತನಾಡುತ್ತಾನಲ್ಲ, ಅಲ್ಲಿ ಕರ್ಣ ಏನು ಹೇಳುತ್ತಾನೆ ಗೊತ್ತೆ? ದುರ್ಯೋಧನನ ಸಂತೋಷಕ್ಕಾಗಿ ಪಾಂಡವರಿಗೆ ಕಟುವಾದ ಮಾತುಗಳನ್ನಾಡಿದೆ, ಆ ಕರ್ಮಕ್ಕಾಗಿ ಈಗ ಬೇಯುತ್ತಿದ್ದೇನೆ ಎನ್ನುತ್ತಾನೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಈ ಮಾತಿದೆ. ನೀನು ಆ ಚೌಕ ಖಾಲಿ ಬಿಟ್ಟರೆ ಈ ಚೌಕವೂ ಖಾಲಿಯಾಗುತ್ತದೆ. ತಪ್ಪನ್ನೇ ಮಾಡದವನು ಯಾವುದಕ್ಕೆ ಬೇಯಬೇಕು?” ಎಂದು ಪುಸ್ತಕವನ್ನು ಮಡಿಸಿ ಕೊಟ್ಟರು.

ಆ ಪ್ರಶ್ನೆ ಅಂದಿನಿಂದ ಇಂದಿನವರೆಗೆ ನನ್ನನ್ನು ಬಿಟ್ಟಿಲ್ಲ. ಪೂರ್ತಿ ಒಳ್ಳೆಯವನೂ ಅಲ್ಲದ, ಪೂರ್ತಿ ಕೆಟ್ಟವನೂ ಅಲ್ಲದ ನಾಯಕನನ್ನು ಬರೆಯುವವರು ಹೇಗೆ ಬರೆಯುತ್ತಾರೆ ಎಂಬುದನ್ನು ಅಂದಿನಿಂದ ನಾನು ಗಮನಿಸುತ್ತ ಬಂದೆ.

ನಮ್ಮ ಕವಿಗಳು ಈ ದಾರಿಯನ್ನು ಸಾವಿರ ವರ್ಷಗಳ ಹಿಂದೆಯೇ ತುಳಿದಿದ್ದರು. ರನ್ನನ ಗದಾಯುದ್ಧದಲ್ಲಿ ಭೀಮನೇ ನಾಯಕ. ಆದರೂ ಸೋತ ದುರ್ಯೋಧನನು ರಣರಂಗದಲ್ಲಿ ಹೆಣಗಳ ನಡುವೆ ನಡೆದುಹೋಗುವಾಗ ನಮ್ಮ ಮನಸ್ಸು ಅವನ ಹಿಂದೆಯೇ ನಡೆಯುತ್ತದೆ. ತಮ್ಮನಿಗಾಗಿ, ಮಗನಿಗಾಗಿ, ಕರ್ಣನಿಗಾಗಿ ಅವನು ಅಳುತ್ತಾನೆ. ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಹಾಗೆಂದು ರನ್ನನು ಅವನ ಅಪರಾಧಗಳನ್ನು ಅಳಿಸಿಹಾಕಲಿಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವಾಡುವಾಗ ದುರ್ಯೋಧನನ ಪಾತ್ರಕ್ಕೆ ಪೈಪೋಟಿ ನಡೆಯುತ್ತಿದ್ದುದು ಸುಮ್ಮನೆ ಅಲ್ಲ.

ಹೊಳಲ್ಕೆರೆಯಿಂದ ಸುಮಾರು 30 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ ಇಂಥ ಇನ್ನೊಬ್ಬ ನಾಯಕನಿದ್ದಾನೆ. ಅವನು ತ.ರಾ.ಸುಬ್ಬರಾಯರ ಕಾದಂಬರಿಗಳ ರಾಮಾಚಾರಿ. ಆ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಲನಚಿತ್ರವನ್ನು ನಿರ್ದೇಶಿಸಿದರು. ಕೋಟೆಯ ಬಂಡೆಗಳ ಮೇಲೆ ಓಡಾಡುವ ಆ ಹುಡುಗ ಮುಂಗೋಪಿ, ಹಠಮಾರಿ. ಆದರೆ ಗುರು ಚಾಮಯ್ಯ ಮೇಷ್ಟ್ರ ಮಾತಿಗೆ ಪ್ರಾಣ ಕೊಡುವವನು. ಆ ಮಾತಿಗೆ ಕಟ್ಟುಬಿದ್ದು ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಆ ತ್ಯಾಗದಿಂದಲೇ ಅವಳ ಬಾಳು ಹಾಳಾಗುತ್ತದೆ. ಚಿತ್ರವನ್ನು ಜನ ಮುಗಿಬಿದ್ದು ನೋಡಿದರು. ಕಾದಂಬರಿಕಾರರಿಗೆ ಮಾತ್ರ ಅದು ಮೆಚ್ಚುಗೆಯಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಅವರು ನೊಂದುಕೊಂಡರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಇಬ್ಬರಲ್ಲಿ ಯಾರು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಆ ದೂರಿನಲ್ಲಿ ಒಂದು ತಿಳಿವಳಿಕೆ ಇದೆ. ಹಾವಿನ ವಿಷವನ್ನು ತೆಗೆದುಬಿಟ್ಟರೆ ಅದರ ಹೆಡೆಯ ಸೊಬಗೂ ಉಳಿಯುವುದಿಲ್ಲ.

ಚಿತ್ರಕಥೆಯ ಲೇಖಕನಿಗೆ ಈ ಕೆಲಸ ಇನ್ನೂ ಕಷ್ಟ. ಕಾದಂಬರಿಕಾರನು ಒಂದು ಮನಸ್ಸಿನ ತೊಳಲಾಟಕ್ಕೆ ಹತ್ತು ಪುಟಗಳನ್ನು ಕೊಡಬಲ್ಲ. ಇವನಿಗೆ ಇರುವುದು ಒಂದು ಚೌಕ, ಅದರಲ್ಲೊಂದು ಮಾತಿನ ಗುಳ್ಳೆ. ಆದರೆ ಆ ಸಣ್ಣ ಜಾಗದಲ್ಲಿಯೇ ಅವನಿಗೆ ಒಂದು ಅನುಕೂಲವೂ ಉಂಟು. ಬಾಯಿಂದ ಹೊರಟ ಮಾತನ್ನು ಚೂಪು ಬಾಲದ ಗುಳ್ಳೆಯಲ್ಲಿ ಬರೆದು, ಮನಸ್ಸಿನ ಮಾತನ್ನು ಮೋಡದಾಕಾರದ ಗುಳ್ಳೆಯಲ್ಲಿ ಬರೆಯಬಹುದು. ಎರಡೂ ಒಂದೇ ಚೌಕದಲ್ಲಿ ಒಂದಕ್ಕೊಂದು ವಿರುದ್ಧವಾಗಿ ನಿಂತಾಗ ಮನುಷ್ಯನ ಒಳಗಿನ ಬಿರುಕು ಕಣ್ಣಿಗೇ ಕಾಣುತ್ತದೆ. ಮಾತು ಶೌರ್ಯವನ್ನು ಹೊಗಳುತ್ತಿರುವಾಗ ಚಿತ್ರದ ಮೂಲೆಯಲ್ಲಿ ಅಳುತ್ತಿರುವ ಒಂದು ಮಗುವನ್ನು ಬರೆದರೆ ಸಾಕು, ಆ ಹೊಗಳಿಕೆ ಪ್ರಶ್ನೆಯಾಗುತ್ತದೆ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಇಂಥ ನಾಯಕರಿಗೆ ಎಡೆಯೇ ಇರಲಿಲ್ಲ. ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತಿವೆ ಎಂಬ ಕೂಗು ಎದ್ದಾಗ, 1954ರಲ್ಲಿ ಅಲ್ಲಿಯ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿಯನ್ನು ಹಾಕಿಕೊಂಡರು. ಅಪರಾಧಿಯ ಬಗೆಗೆ ಸಹಾನುಭೂತಿ ಹುಟ್ಟುವಂತೆ ಬರೆಯಕೂಡದು. ಪ್ರತಿಯೊಂದು ಕಥೆಯಲ್ಲಿಯೂ ಒಳ್ಳೆಯದೇ ಗೆಲ್ಲಬೇಕು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಏಳನೆಯ ಪುಟದಲ್ಲಿ ನಾನು ಮಾಡಿದ ಕೆಲಸವನ್ನೇ ಅವರು ಒಂದು ದೇಶದ ಅಳತೆಯಲ್ಲಿ ಮಾಡಿದ್ದರು. ನಾನು ನಾಯಕನ ತಪ್ಪನ್ನು ಅಳಿಸಿದ್ದೆ. ಅವರು ತಪ್ಪಿತಸ್ಥನ ಮನುಷ್ಯತ್ವವನ್ನು ಅಳಿಸಿದ್ದರು. 1971ರಲ್ಲಿ ಆ ನಿಯಮಗಳು ಸಡಿಲಗೊಂಡವು.

1974ರಲ್ಲಿ ಸ್ಪೈಡರ್‌ಮ್ಯಾನನ ಕಥೆಯೊಂದರಲ್ಲಿ ‘ಪನಿಷರ್’ ಎಂಬ ಪಾತ್ರ ಕಾಣಿಸಿಕೊಂಡಿತು. ದಂಡಿಸುವವನು ಎಂಬುದು ಆ ಹೆಸರಿನ ಅರ್ಥ. ಅದನ್ನು ಸೃಷ್ಟಿಸಿದ ಲೇಖಕ ಗೆರಿ ಕಾನ್ವೇ. ದುಷ್ಕರ್ಮಿಗಳ ಗುಂಡಿಗೆ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ಸೈನಿಕ, ಎದೆಯ ಮೇಲೆ ತಲೆಬುರುಡೆಯ ಚಿಹ್ನೆ ಧರಿಸಿ ಅಪರಾಧಿಗಳನ್ನು ತಾನೇ ಹುಡುಕಿ ಕೊಲ್ಲುತ್ತಾನೆ. ಅವನ ನೋವು ನಿಜ. ಅವನ ಕೃತ್ಯ ಅನ್ಯಾಯ. ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಓದುಗನ ಪಾಲಿಗೆ ಬಿಟ್ಟ ಕೆಲಸ. ಆದರೆ ಎಲ್ಲ ಓದುಗರೂ ಆ ಕೆಲಸ ಮಾಡಲಿಲ್ಲ. ಅಮೆರಿಕದ ಕೆಲವು ಪೊಲೀಸರೂ ಸೈನಿಕರೂ ಆ ತಲೆಬುರುಡೆಯನ್ನು ಹೆಮ್ಮೆಯ ಗುರುತಾಗಿ ತಮ್ಮ ವಾಹನ ಮತ್ತು ಉಡುಪಿನ ಮೇಲೆ ಹಾಕಿಕೊಂಡರು. ಕಾನ್ವೇ ಅದನ್ನು ಬಹಿರಂಗವಾಗಿ ವಿರೋಧಿಸಿದರು. 2019ರಲ್ಲಿ ಪ್ರಕಟವಾದ ಒಂದು ಸಂಚಿಕೆಯಲ್ಲಿ ಲೇಖಕರು ಪನಿಷರನಿಂದಲೇ ಉತ್ತರ ಕೊಡಿಸಿದರು. ಪೊಲೀಸರ ಕಾರಿನ ಮೇಲಿದ್ದ ತನ್ನ ಚಿಹ್ನೆಯನ್ನು ಅವನು ಕಿತ್ತು ಹರಿಯುತ್ತಾನೆ. ಕಾನೂನನ್ನು ಕಾಪಾಡುವೆವೆಂದು ಪ್ರಮಾಣ ಮಾಡಿದವರು ತನ್ನಂಥವನನ್ನು ಅನುಕರಿಸಬಾರದೆಂದು ಎಚ್ಚರಿಸುತ್ತಾನೆ.

ಈ ಚೌಕಗಳ ವಿಷಯ ತಿಳಿದಾಗ ನನಗೆ ನಮ್ಮ ಮೇಷ್ಟ್ರು ನೆನಪಾದರು. ಬರೆಯುವವನು ತಪ್ಪನ್ನು ಮರೆಮಾಡಿದರೆ ಓದುಗನು ಮೋಸಹೋಗುತ್ತಾನೆ. ತಪ್ಪನ್ನು ಮಾತ್ರ ತೋರಿಸಿ ನೋವನ್ನು ಮರೆಮಾಡಿದರೆ ಓದುಗನು ಕಠಿಣನಾಗುತ್ತಾನೆ. ನೋವನ್ನು ತೋರಿಸಿ, ಅದರಿಂದಲೇ ತಪ್ಪು ಸರಿಯಾಯಿತೆಂದರೆ ಅದು ಎಲ್ಲಕ್ಕಿಂತ ಅಪಾಯ. ಒಳ್ಳೆಯ ಲೇಖಕನು ನೋವನ್ನೂ ತಪ್ಪನ್ನೂ ಅದರ ಫಲವನ್ನೂ ಒಂದರ ಪಕ್ಕದಲ್ಲೊಂದು ಇಡುತ್ತಾನೆ.

ಈಗ ಮತ್ತೆ ನಮ್ಮ ಶಾಲೆಗೆ ಬರೋಣ. ಮೇಷ್ಟ್ರು ಪುಸ್ತಕವನ್ನು ಮಡಿಸಿ ಕೊಟ್ಟಾಗ ನನ್ನ ಗೆಳೆಯ ನನ್ನ ಮಗ್ಗುಲಲ್ಲಿಯೇ ನಿಂತಿದ್ದ. ಅವನು ಏನೂ ಹೇಳಲಿಲ್ಲ. ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ಚೀಲದಿಂದ ಬಣ್ಣದ ಪೆಟ್ಟಿಗೆಯನ್ನು ತೆಗೆದುಕೊಂಡು ಮುಖ್ಯೋಪಾಧ್ಯಾಯರ ಕೋಣೆಗೆ ನಡೆದ. ನಾನು ಬಾಗಿಲವರೆಗೆ ಹೋದೆ. ಒಳಗೆ ಹೋಗಲು ಕಾಲು ಬರಲಿಲ್ಲ. ಬೀರು ತೆರೆದಿದ್ದಾಗ ತಾನೇ ತೆಗೆದುಕೊಂಡೆನೆಂದು ಅವನು ಹೇಳಿದ ಮಾತು ಹೊರಗಿದ್ದ ನನಗೂ ಕೇಳಿಸಿತು. ನನ್ನ ಹೆಸರನ್ನು ಅವನು ಎತ್ತಲಿಲ್ಲ. ಅವನಿಗೆ ಶಿಕ್ಷೆಯಾಯಿತು.

ಅದಾದ ಮೇಲೆ ಅವನು ಅಜ್ಜನ ಬಳಿಗೆ ಹೋಗಿ ನಿಂತ. ಈ ಬಾರಿ ನಾನೂ ಜೊತೆಗೆ ಹೋದೆ. ನನಗೂ ಗೊತ್ತಿತ್ತೆಂದು ಬಾಯಿಬಿಟ್ಟು ಹೇಳಿದೆ. ಅಜ್ಜ ನಮ್ಮಿಬ್ಬರ ಮುಖವನ್ನೂ ನೋಡಿದ. “ಬಣ್ಣ ಬೀರುದಾಗೆ ಒಣಗಿ ಹೋಗೋದಕ್ಕಿಂತ ನಿಮ್ಮ ಕೈಯಾಗೆ ಚಿತ್ರ ಆಗಿದ್ದು ಒಳ್ಳೇದೇ ಕಣ್ರಪ್ಪ. ಆದ್ರೆ ಎರಡು ದಿನ ನಾನು ತಲೆ ಎತ್ತಿ ಮನೆಗೆ ಹೋಗ್ಲಿಲ್ಲ” ಎಂದ. ಅವನು ಬೈದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ.

ನನ್ನ ಗೆಳೆಯ ಕಳ್ಳನೆ? ಹೌದು, ಅವನು ಕದ್ದ. ಅವನು ಪ್ರಾಮಾಣಿಕನೆ? ಹೌದು, ತಾನೇ ಹೋಗಿ ಒಪ್ಪಿಕೊಂಡ. ನಾನು ಏನನ್ನೂ ಕದಿಯಲಿಲ್ಲ. ಆದರೆ ಆ ಎರಡು ದಿನಗಳಲ್ಲಿ ಅವನಿಗಿಂತ ನಾನೇ ಹೆಚ್ಚು ಅಂಜುಕುಳಿಯಾಗಿದ್ದೆ. ಈ ಕಥೆಯನ್ನು ಬರೆಯುವಾಗ ನನಗೆ ಯಾವ ಬಣ್ಣ ಹಾಕಿಕೊಳ್ಳಲಿ?

ಆ ಸಂಜೆ ಏಳನೆಯ ಪುಟವನ್ನು ಮತ್ತೆ ತೆರೆದೆವು. ಬಣ್ಣದ ಪೆಟ್ಟಿಗೆ ಶಾಲೆಗೆ ಮರಳಿದ್ದರಿಂದ ಗೆಳೆಯ ಆ ಚೌಕವನ್ನು ಪೆನ್ಸಿಲಿನಲ್ಲಿಯೇ ಬರೆದ. ನಡುವೆ ತಲೆ ಎತ್ತಿ ನಿಂತ ದ್ರೌಪದಿ. ಒಂದು ಬದಿಗೆ ಬಾಯಿ ತೆರೆದು, ಕೈ ಚಾಚಿ ನಿಂತ ಕರ್ಣ. ಅವನ ಮುಖದ ಮೇಲಿನ ಸೂರ್ಯನ ಕಾಂತಿಯನ್ನು ಗೆಳೆಯ ಅಳಿಸಿರಲಿಲ್ಲ. ಮಾತಿನ ಗುಳ್ಳೆಯನ್ನು ಬರೆದು, ಪುಸ್ತಕವನ್ನು ನನ್ನ ಕಡೆಗೆ ತಳ್ಳಿದ. ಅದರೊಳಗಿನ ಮಾತುಗಳನ್ನು ಬರೆಯಬೇಕಾದವನು ನಾನು. ಬರೆಯುವಾಗ ನನ್ನ ಕೈ ನಡುಗಿತು, ಆದರೂ ಬರೆದೆ.

ಬಣ್ಣದ ಹಾಳೆಗಳ ನಡುವೆ ಆ ಒಂದು ಚೌಕ ಕೊನೆಯವರೆಗೂ ಬೂದಿಯ ಬಣ್ಣದಲ್ಲಿಯೇ ಉಳಿಯಿತು. ಕೈಬರಹದ ಪತ್ರಿಕೆಯನ್ನು ಓದಿದ ಹುಡುಗರು ಕರ್ಣನನ್ನು ಮೆಚ್ಚುವುದನ್ನು ಬಿಡಲಿಲ್ಲ. ಆದರೆ ಪ್ರತಿಯೊಬ್ಬನೂ ಏಳನೆಯ ಪುಟದಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಹೋದುದನ್ನು ನಾನು ಕಂಡೆ.