ಕಾಣೆಯಾದ ಭೂತಕಾಲ

2013ರ ಅಕ್ಟೋಬರ್ 23ರಂದು ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರಿಗೆ ಫೋನ್ ಮಾಡಿದರು. ತಮ್ಮ ಮೊಬೈಲನ್ನು ಅಮೆರಿಕ ಕದ್ದಾಲಿಸುತ್ತಿದೆ ಎಂಬ ಸುಳಿವು ಅವರಿಗೆ ಸಿಕ್ಕಿತ್ತು. ನೇರವಾಗಿಯೇ ಕೇಳಿದರು. ಆ ದಿನ ಶ್ವೇತಭವನದ ವಕ್ತಾರರು ಕೊಟ್ಟ ಉತ್ತರವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಚಾನ್ಸಲರ್ ಅವರ ಮಾತುಕತೆಯನ್ನು ಅಮೆರಿಕ ಕದ್ದಾಲಿಸುತ್ತಿಲ್ಲ, ಮುಂದೆಯೂ ಕದ್ದಾಲಿಸುವುದಿಲ್ಲ ಎಂಬುದು ಅದರ ಸಾರ. ವರ್ತಮಾನಕಾಲ ಇದೆ, ಭವಿಷ್ಯತ್ಕಾಲ ಇದೆ. ಭೂತಕಾಲ ಇಲ್ಲ. ‘ಕದ್ದಾಲಿಸಿರಲಿಲ್ಲ’ ಎಂಬ ಒಂದೇ ಒಂದು ಪದ ಇರಬೇಕಾದ ಜಾಗ ಖಾಲಿ. ಪತ್ರಕರ್ತರು ಅದನ್ನು ತಕ್ಷಣವೇ ಗುರುತಿಸಿದರು.

ಆಗ ನಾನಿನ್ನೂ ಪಿಯುಸಿ. ಇವತ್ತು ಇದೇ ನನ್ನ ಸಂಶೋಧನೆಯ ವಿಷಯ: ದೊಡ್ಡ ದೇಶಗಳು ಒಂದರ ಕಂಪ್ಯೂಟರಿಗೆ ಇನ್ನೊಂದು ಕನ್ನ ಹಾಕಿ ಸಿಕ್ಕಿಬಿದ್ದಾಗ ಅವುಗಳ ಸಂಬಂಧ ಏನಾಗುತ್ತದೆ? ವಿಷಯ ಕೇಳಿದವರು ಹ್ಯಾಕರುಗಳ ಕಥೆ ನಿರೀಕ್ಷಿಸುತ್ತಾರೆ. ನನ್ನ ಮೇಜಿನ ಮೇಲಿರುವುದು ಮಾತ್ರ ಹೇಳಿಕೆಗಳು, ಪತ್ರಿಕಾ ಪ್ರಕಟಣೆಗಳು, ಒಪ್ಪಂದದ ವಾಕ್ಯಗಳು. ಕನ್ನ ಹಾಕುವ ಕೆಲಸ ಕೋಡಿನಲ್ಲಿ ನಡೆಯುತ್ತದೆ. ಅದರ ಪಂಚಾಯ್ತಿ ವ್ಯಾಕರಣದಲ್ಲಿ ನಡೆಯುತ್ತದೆ.

ಎಡ್ವರ್ಡ್ ಸ್ನೋಡೆನ್ ಹೊರಗೆಡಹಿದ ದಾಖಲೆಗಳಿಂದ ಆ ವರ್ಷ ಅನೇಕ ರಾಜಧಾನಿಗಳಲ್ಲಿ ಗದ್ದಲವೆದ್ದಿತ್ತು. ಮರ್ಕೆಲ್ ಅವರ ನಂಬರು 2002ರಿಂದಲೇ, ಅಂದರೆ ಅವರು ಚಾನ್ಸಲರ್ ಆಗುವುದಕ್ಕೆ ಮೂರು ವರ್ಷ ಮೊದಲೇ ಪಟ್ಟಿಯಲ್ಲಿತ್ತು ಎಂದು ‘ಡೆರ್ ಸ್ಪೀಗೆಲ್’ ಬರೆಯಿತು. ಅವರು ಬೆಳೆದದ್ದು ಪೂರ್ವ ಜರ್ಮನಿಯಲ್ಲಿ, ನೆರೆಯವರೇ ನೆರೆಯವರ ಮೇಲೆ ವರದಿ ಬರೆಯುತ್ತಿದ್ದ ಸ್ಟಾಸಿಯ ಕಾಲದಲ್ಲಿ. ಗೆಳೆಯರ ನಡುವೆ ಕದ್ದಾಲಿಕೆ ಸಲ್ಲದು ಎಂದು ಅವರು ಹೇಳಿದ್ದು ಜಗತ್ತಿಗೆಲ್ಲ ಗೊತ್ತಾಯಿತು. 2014ರಲ್ಲಿ ಜರ್ಮನಿ ತನಿಖೆ ಆರಂಭಿಸಿತು. 2015ರಲ್ಲಿ ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯವಿಲ್ಲವೆಂದು ಮುಚ್ಚಿತು. ಅಷ್ಟರಲ್ಲಿ ಜರ್ಮನಿಯ ಗುಪ್ತಚರ ಸಂಸ್ಥೆ ಬಿಎನ್‌ಡಿಯೇ ಯುರೋಪಿನ ಗೆಳೆಯರ ಮೇಲೆ ಕಣ್ಣಿಡಲು ಅಮೆರಿಕಕ್ಕೆ ನೆರವಾಗಿತ್ತೆಂಬ ಸಂಗತಿ ಹೊರಬಂದಿತ್ತು.

ಬ್ರೆಜಿಲ್‌ನ ಅಧ್ಯಕ್ಷೆ ಡಿಲ್ಮಾ ರೂಸೆಫ್ ಇನ್ನೂ ಗಟ್ಟಿಯಾಗಿ ಸಿಟ್ಟು ತೋರಿಸಿದರು. ಅಮೆರಿಕಕ್ಕೆ ಹೋಗಬೇಕಿದ್ದ ಅಧಿಕೃತ ಭೇಟಿಯನ್ನು ಮುಂದೂಡಿ, ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿಂತು ಖಂಡಿಸಿದರು. ಆ ಡಿಸೆಂಬರಿನಲ್ಲಿ ಬ್ರೆಜಿಲ್ ಮತ್ತು ಜರ್ಮನಿ ಮುಂದಿಟ್ಟ ಡಿಜಿಟಲ್ ಯುಗದ ಖಾಸಗಿತನದ ಗೊತ್ತುವಳಿಯನ್ನು ಮಹಾಸಭೆ ಅಂಗೀಕರಿಸಿತು. ಎರಡು ವರ್ಷ ಕಳೆಯುವ ಮೊದಲೇ ರೂಸೆಫ್ ವಾಷಿಂಗ್ಟನ್ನಿಗೆ ಹೋಗಿ ಒಬಾಮರ ಕೈಕುಲುಕಿದರು. ಭಾರತದ ಹೆಸರೂ ಆ ದಾಖಲೆಗಳಲ್ಲಿತ್ತು. ಆಗಿನ ವಿದೇಶಾಂಗ ಸಚಿವ ಸಲ್ಮಾನ್ ಖುರ್ಷಿದ್ ಇದು ನಿಜವಾದ ಕದ್ದಾಲಿಕೆಯಲ್ಲ, ಕರೆ ಮತ್ತು ಇಮೇಲ್‌ಗಳ ವಿನ್ಯಾಸವನ್ನು ಕಂಪ್ಯೂಟರ್ ಮೂಲಕ ವಿಶ್ಲೇಷಿಸುವುದಷ್ಟೇ ಎಂಬ ಅರ್ಥದ ಮಾತಾಡಿದರು. ಒಂದೇ ಸುದ್ದಿಗೆ ಒಬ್ಬರು ಪ್ರವಾಸ ಮುಂದೂಡುತ್ತಾರೆ, ಇನ್ನೊಬ್ಬರು ಪದದ ಅರ್ಥ ಬದಲಿಸುತ್ತಾರೆ. ಯಾರಿಗೆ ಎಷ್ಟು ನೋವಾಯಿತು ಎಂಬುದು ಇದರಿಂದ ತಿಳಿಯುವುದಿಲ್ಲ. ಯಾರಿಗೆ ಎಷ್ಟು ಸಿಟ್ಟು ನಿಭಾಯಿಸುತ್ತದೆ ಎಂಬುದು ತಿಳಿಯುತ್ತದೆ.

ಬೇಹುಗಾರಿಕೆ ರಾಯಭಾರದಷ್ಟೇ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪರರಾಜ್ಯದ ಗುಟ್ಟು ತಿಳಿಯುವುದೂ ದೂತನ ಕೆಲಸವೇ. ಅವನು ಕುಡಿಯಬಾರದು, ಒಬ್ಬನೇ ಮಲಗಬೇಕು. ಅಮಲಿನಲ್ಲೂ ನಿದ್ದೆಯಲ್ಲೂ ಮನಸ್ಸು ಬಾಯಿಬಿಡುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. 1961ರ ವಿಯೆನ್ನಾ ಒಪ್ಪಂದ ಇದನ್ನೇ ಸಭ್ಯಗೊಳಿಸಿತು: ರಾಯಭಾರಿ ಆತಿಥೇಯ ದೇಶದ ಸ್ಥಿತಿಗತಿಯನ್ನು ಕಾನೂನುಬದ್ಧ ಮಾರ್ಗಗಳಲ್ಲಿ ತಿಳಿದುಕೊಳ್ಳಬಹುದು, ಬೇಡವಾದವರನ್ನು ಆತಿಥೇಯ ದೇಶ ಕಾರಣ ಕೊಡದೆಯೇ ವಾಪಸು ಕಳಿಸಬಹುದು. ಸಿಕ್ಕಿಬಿದ್ದವನೇ ಕಳ್ಳ ಎಂಬ ನಮ್ಮ ಮಾತಿಗೆ ಇದಕ್ಕಿಂತ ಒಳ್ಳೆಯ ಅಂತರರಾಷ್ಟ್ರೀಯ ಕಾನೂನು ಸಿಗಲಾರದು.

ಈ ಹಳೆಯ ಲೆಕ್ಕ ಸೈಬರ್ ಕಾಲದಲ್ಲಿ ಎಲ್ಲಿ ತಪ್ಪುತ್ತದೆ ಎಂದು ನನಗೆ ತೋರಿಸಿಕೊಟ್ಟದ್ದು 2015ರ ಒಪಿಎಂ ಪ್ರಕರಣ. ಒಪಿಎಂ ಅಂದರೆ ಅಮೆರಿಕದ ಕೇಂದ್ರ ಸರ್ಕಾರಿ ನೌಕರರ ಕಡತಗಳನ್ನು ಕಾಯುವ ಇಲಾಖೆ. ಅಲ್ಲಿಂದ 2.15 ಕೋಟಿ ಜನರ ವಿವರ ಕಳುವಾಯಿತು. ಅದರಲ್ಲಿ 56 ಲಕ್ಷ ಜನರ ಬೆರಳಚ್ಚೂ ಇತ್ತು. ರಹಸ್ಯ ಹುದ್ದೆಗೆ ಅರ್ಜಿ ಹಾಕುವವರು ತುಂಬುವ ನಮೂನೆಯಲ್ಲಿ ಸಾಲ, ಕುಡಿತ, ಮಾನಸಿಕ ಚಿಕಿತ್ಸೆ, ವಿದೇಶಿ ಗೆಳೆಯರು, ನೆಂಟರಿಷ್ಟರು ಎಲ್ಲವನ್ನೂ ಬರೆಯಬೇಕು. ಹಾಗಾಗಿ ಸರ್ಕಾರಿ ಕೆಲಸದಲ್ಲೇ ಇಲ್ಲದ ಹೆಂಡತಿ, ಗಂಡಂದಿರೂ ಆ ಕಡತಗಳಲ್ಲಿದ್ದರು.

ಇಲ್ಲಿಯೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಖಾಲಿ ಜಾಗ. ಸಿಐಎ ತನ್ನವರ ಕಡತಗಳನ್ನು ತಾನೇ ಇಟ್ಟುಕೊಳ್ಳುತ್ತದೆ. ಹಾಗಾದರೆ ಬೀಜಿಂಗಿನ ರಾಯಭಾರ ಕಚೇರಿಯಲ್ಲಿ ರಾಜತಂತ್ರಜ್ಞನೆಂದು ಹೇಳಿಕೊಂಡಿರುವ ಒಬ್ಬನ ಹೆಸರು ಕದ್ದ ಪಟ್ಟಿಯಲ್ಲಿ ಇಲ್ಲದಿದ್ದರೆ? ಇಲ್ಲದಿರುವುದೇ ಗುರುತು. ಮುಂಜಾಗ್ರತೆಯಾಗಿ ಸಿಐಎ ತನ್ನ ಕೆಲವರನ್ನು ಬೀಜಿಂಗಿನಿಂದ ಹಿಂದಕ್ಕೆ ಕರೆಸಿಕೊಂಡಿತು ಎಂದು ಆಮೇಲೆ ವರದಿಯಾಯಿತು.

ಇಷ್ಟಾದ ಮೇಲೆ ಅಮೆರಿಕ ಏನು ಮಾಡಿತು? ಚೀನಾದ ಹೆಸರನ್ನು ಅಧ್ಯಕ್ಷರು ಬಹಿರಂಗವಾಗಿ ಎತ್ತಲಿಲ್ಲ. ಅವರ ಗುಪ್ತಚರ ಮುಖ್ಯಸ್ಥ ಜೇಮ್ಸ್ ಕ್ಲ್ಯಾಪರ್ ಮಾತ್ರ ಚೀನಾವೇ ಮುಖ್ಯ ಶಂಕಿತ ಎಂದರು. ಅವರು ಮಾಡಿದ್ದಕ್ಕೆ ಒಂದು ಸಲಾಮು ಹೊಡೆಯಬೇಕು, ಅವಕಾಶ ಸಿಕ್ಕಿದ್ದರೆ ನಾವೂ ಬಿಡುತ್ತಿರಲಿಲ್ಲ ಎಂಬ ಅರ್ಥದ ಮಾತನ್ನೂ ಆಡಿದರು. ಸೆಪ್ಟೆಂಬರಿನಲ್ಲಿ ಷಿ ಜಿನ್‌ಪಿಂಗ್ ವಾಷಿಂಗ್ಟನ್ನಿಗೆ ಬಂದಾಗ ಎರಡೂ ದೇಶ ಒಂದು ಮಾತಿಗೆ ಬಂದವು: ಕಂಪನಿಗಳಿಗೆ ವ್ಯಾಪಾರದ ಲಾಭ ಮಾಡಿಕೊಡಲು ಬೌದ್ಧಿಕ ಆಸ್ತಿಯನ್ನು ಸೈಬರ್ ಮಾರ್ಗದಲ್ಲಿ ಕದಿಯುವುದಿಲ್ಲ, ಕದಿಯುವವರಿಗೆ ಗೊತ್ತಿದ್ದೂ ನೆರವಾಗುವುದಿಲ್ಲ. ಕಾರ್ಖಾನೆಯ ನಕ್ಷೆಗೆ ರಕ್ಷಣೆ ಸಿಕ್ಕಿತು. ನೌಕರನ ಬೆರಳಚ್ಚಿನ ಬಗ್ಗೆ ಆ ವಾಕ್ಯದಲ್ಲಿ ಏನೂ ಇಲ್ಲ. ಅದು ಸರ್ಕಾರ ಸರ್ಕಾರದ ಮೇಲೆ ಮಾಡುವ ಬೇಹುಗಾರಿಕೆ. ಅದನ್ನು ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ.

ಹೆಸರು ಹಿಡಿದು ಶಿಕ್ಷಿಸಿದ ಉದಾಹರಣೆಯೂ ಇದೆ. ಚುನಾವಣೆಯಲ್ಲಿ ರಷ್ಯಾ ಹ್ಯಾಕಿಂಗ್ ನಡೆಸಿತೆಂದು 2016ರ ಡಿಸೆಂಬರ್ 29ರಂದು ಒಬಾಮ 35 ರಷ್ಯನ್ ರಾಜತಂತ್ರಜ್ಞರನ್ನು ಹೊರಹಾಕಿದರು. 72 ಗಂಟೆಗಳ ಗಡುವು. ಹೊಸ ವರ್ಷದ ಹೊತ್ತಿಗೆ ಸಂಸಾರಗಳು ಗಂಟುಮೂಟೆ ಕಟ್ಟಿದವು. ಕನ್ನ ಬಂದದ್ದು ಕೇಬಲ್ಲಿನಲ್ಲಿ, ವಿಮಾನ ಹತ್ತಿದ್ದು ಮನುಷ್ಯರು. ಕೇಬಲ್ಲನ್ನು ಗಡೀಪಾರು ಮಾಡುವ ಕಲಮು ವಿಯೆನ್ನಾ ಒಪ್ಪಂದದಲ್ಲಿ ಇಲ್ಲವಲ್ಲ.

‘ಕೊನೆಗೆ ಯಾವ ಸಂಬಂಧ ಮುರಿದುಬಿತ್ತು ಹೇಳು’ ಎಂದು ನನ್ನ ಗೈಡ್ ಕೇಳುತ್ತಾರೆ. ನಾನು ಓದಿದ ಮಟ್ಟಿಗೆ, ಇವುಗಳಲ್ಲಿ ಯಾವುದೂ ಮುರಿಯಲಿಲ್ಲ. ಬರ್ಲಿನ್ ಮತ್ತು ವಾಷಿಂಗ್ಟನ್ ಮಿತ್ರರಾಗಿಯೇ ಉಳಿದವು. ಚೀನಾ ಮತ್ತು ಅಮೆರಿಕ ಜಗಳವಾಡುತ್ತಲೇ ವ್ಯಾಪಾರ ಮಾಡಿದವು. ದೇಶಗಳ ನಡುವಿನ ನಂಬಿಕೆ ನಾವು ಅಂದುಕೊಂಡದ್ದಕ್ಕಿಂತ ಮೊದಲೇ ತೆಳುವಾಗಿತ್ತು, ಹಾಗಾಗಿ ಹರಿಯಲು ಹೆಚ್ಚೇನೂ ಇರಲಿಲ್ಲ ಎಂಬ ಗುಮಾನಿ ನನ್ನದು. ಪ್ರಬಂಧದಲ್ಲಿ ಇದನ್ನು ಇಷ್ಟು ಸಲೀಸಾಗಿ ಬರೆಯುವ ಹಾಗಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಆದರೆ ನನ್ನ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಮರ್ಕೆಲ್ ಅವರಿಗೆ ಅಧ್ಯಕ್ಷರಿಂದಲೇ ಒಂದು ಭರವಸೆ ಸಿಕ್ಕಿತು, ಅದು ಅರ್ಧ ವಾಕ್ಯವೇ ಆದರೂ. 2.15 ಕೋಟಿ ಜನರಿಗೆ ಸಿಕ್ಕಿದ್ದು ಒಂದು ನೋಟಿಸು ಮತ್ತು ಅವರ ಹೆಸರಲ್ಲಿ ಬೇರೆ ಯಾರೂ ಸಾಲ ಎತ್ತದಂತೆ ಕೆಲವು ವರ್ಷಗಳ ಉಚಿತ ಕಾವಲು. ಪಾಸ್‌ವರ್ಡ್ ಹೋದರೆ ಬದಲಿಸಬಹುದು. ಬೆರಳು ಬದಲಿಸುವುದು ಹೇಗೆ? ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳೊತ್ತಿ ಅಕ್ಕಿ ತರುವ ದೇಶದವರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ.

ಈ ಕೆಲಸ ನನಗೆ ಒಂದು ಅಭ್ಯಾಸ ಹಚ್ಚಿದೆ. ಯಾವ ಸರ್ಕಾರದ ಹೇಳಿಕೆ ಬಂದರೂ ಮೊದಲು ಕ್ರಿಯಾಪದಗಳ ಕಾಲ ನೋಡುತ್ತೇನೆ, ಆಮೇಲೆ ಕರ್ಮಪದ ಯಾರೆಂದು ಹುಡುಕುತ್ತೇನೆ. ಕದ್ದವರು ಯಾರು, ಕಳೆದುಕೊಂಡ ದೇಶ ಯಾವುದು, ಅದಕ್ಕೆ ಪ್ರತಿಯಾಗಿ ಏನು ಮಾಡಲಾಯಿತು ಎಂಬುದೆಲ್ಲ ಒಂದಲ್ಲ ಒಂದು ರೂಪದಲ್ಲಿ ಅಲ್ಲಿ ಸಿಗುತ್ತದೆ. ಕದ್ದದ್ದು ಯಾರ ಬದುಕನ್ನು ಎಂಬುದು ಮಾತ್ರ, ಮರ್ಕೆಲ್ ಅವರಿಗೆ ಸಿಕ್ಕ ಉತ್ತರದ ಭೂತಕಾಲದ ಹಾಗೆ, ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.